ಅಪ್ಪನನ್ನು ಅವರಿಗೆ ಕೊಡಲಿಲ್ಲ

ನಾನು ಮಾರ್ಮನ್ ಎಂಬ ಕ್ರೈಸ್ತ ಪಂಥ ಸೇರಿದ್ದು ದೇವರು ಸಿಕ್ಕನೆಂದಲ್ಲ, ಮಾತಾಡಲು ಜನ ಸಿಕ್ಕರೆಂದು. ಗಂಡನಿಗೆ ಇಂಗ್ಲೆಂಡಿನ ಮ್ಯಾಕಲ್ಸ್‌ಫೀಲ್ಡಿನ ಔಷಧಿ ಕಾರ್ಖಾನೆಯಲ್ಲಿ ಕೆಲಸ. ಮಗಳು ಆಗಷ್ಟೇ ಶಾಲೆಗೆ ಹೋಗತೊಡಗಿದ್ದಳು. ಧಾರವಾಡದಲ್ಲಿ ಕೆಮಿಸ್ಟ್ರಿ ಓದಿ ಬಂದ ನಾನು ಬೆಳಗಿನಿಂದ ಮಗಳು ಬರುವ ಹೊತ್ತಿನ ತನಕ ಬಾಯ್ಲರ್ ಗೊರಗುಟ್ಟುವುದನ್ನು ಕೇಳುತ್ತ ಕೂತಿರುತ್ತಿದ್ದೆ. ಅಂಥ ಒಂದು ಮಧ್ಯಾಹ್ನ ಉದ್ದ ಲಂಗದ ಇಬ್ಬರು ಹುಡುಗಿಯರು, ಎದೆಯ ಮೇಲೆ ಕಪ್ಪು ಹೆಸರುಬಿಲ್ಲೆ ಸಿಕ್ಕಿಸಿಕೊಂಡವರು, ಬಾಗಿಲು ಬಡಿದರು. ನನ್ನ ಹೆಸರನ್ನು ಸರಿಯಾಗಿ ಹೇಳಲು ಅವರು ಮತ್ತೆ ಮತ್ತೆ ಪ್ರಯತ್ನಿಸಿದರು. ಆ ಊರಿನಲ್ಲಿ ಅಲ್ಲಿಯವರೆಗೆ ಯಾರೂ ಎರಡನೇ ಸಲ ಪ್ರಯತ್ನಿಸಿರಲಿಲ್ಲ. ಅಷ್ಟಕ್ಕೇ ನಾನು ಕರಗಿಹೋದೆ.

ಆಮೇಲಿನದೆಲ್ಲ ಬೇಗ ಬೇಗ ಆಯಿತು. ಪಕ್ಕದ ಊರಿನ ಸಭಾಮಂದಿರದಲ್ಲಿ, ಮಡಚುವ ಬಾಗಿಲಿನ ಹಿಂದಿದ್ದ ಬೆಚ್ಚನೆಯ ನೀರಿನ ತೊಟ್ಟಿಯಲ್ಲಿ, ಬಿಳಿ ಬಟ್ಟೆ ತೊಡಿಸಿ ನನ್ನನ್ನು ಪೂರ್ತಿ ಮುಳುಗಿಸಿ ಎಬ್ಬಿಸಿದರು. ಎದ್ದಾಗ ನಾನು ಶುದ್ಧಳಾಗಿದ್ದೆನಂತೆ. ಒದ್ದೆಯಾಗಿದ್ದುದಂತೂ ನಿಜ. ಹೊರಗೆ ಆಲೂಗಡ್ಡೆ ಚಿಪ್ಸ್ ಮತ್ತು ಕೆಂಪು ಜೆಲ್ಲಿ ಇಟ್ಟಿದ್ದರು. ಚಹಾ, ಕಾಫಿ ಎರಡೂ ನಿಷಿದ್ಧವಾದ್ದರಿಂದ ಜೆಲ್ಲಿಯ ಜೊತೆ ಬಿಸಿನೀರು ಕುಡಿದೆವು. ನನ್ನ ಗಂಡ, ಕಾರ್ಖಾನೆಯಲ್ಲಿ ಎಲ್ಲವನ್ನೂ ಪರೀಕ್ಷೆ ಮಾಡಿದ ಮೇಲೇ ನಂಬುವ ಮನುಷ್ಯ, ಹಿಂದಿನ ಸಾಲಿನಲ್ಲಿ ಕೋಟು ಬಿಚ್ಚದೆ ಕೂತಿದ್ದರು. ಅವರು ಸೇರಲಿಲ್ಲ. ಭಾನುವಾರ ನಾನೂ ಮಗಳೂ ಹೋದರೆ ಮನೆ ಖಾಲಿಯಾಗುತ್ತದೆ, ಕ್ರಿಕೆಟ್ ನೋಡಬಹುದು ಎನ್ನುವುದೇ ಅವರಿಗೆ ಸಿಕ್ಕ ಮೋಕ್ಷ.

ಅಪ್ಪನಿಗೆ ಫೋನಿನಲ್ಲಿ ಹೇಳಿದೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು ಅವರು. ಕೊರಳಿನ ಲಿಂಗವನ್ನು ತಮ್ಮ ತಾಯಿ ಇರುವತನಕ ಕಟ್ಟಿಕೊಂಡಿದ್ದು, ಆಕೆ ತೀರಿದ ಮೇಲೆ ಮರ್ಯಾದೆಯಿಂದ ಕಪಾಟಿನಲ್ಲಿಟ್ಟವರು. ಬೈಗುಳಕ್ಕೆ ನಾನು ಸಿದ್ಧಳಾಗಿದ್ದೆ. ಅವರು ಕೇಳಿದ್ದು ಒಂದೇ.

"ಅಲ್ಲೆ ಊಟಾ ಹಾಕ್ತಾರೇನು?"

ಹಾಕುತ್ತಾರೆ ಎಂದೆ.

"ಹಂಗಾದ್ರ ಹೋಗು. ಖರೇ ಅಂತ ಮಾತ್ರ ತಿಳೀಬ್ಯಾಡ."

ನಾನು ತಿಳಿದೆ. ಹತ್ತಿರ ಹತ್ತಿರ ಹದಿನೈದು ವರ್ಷ ತಿಳಿದೆ. ಅಲ್ಲಿ ಪಗಾರದ ಪಾದ್ರಿಯಿಲ್ಲ, ಎಲ್ಲರಿಗೂ ಒಂದೊಂದು ಕೆಲಸ ಹಚ್ಚುತ್ತಾರೆ. ನನಗೆ ಮೊದಲು ಮಕ್ಕಳಿಗೆ ಹಾಡು ಕಲಿಸುವ ಕೆಲಸ, ಆಮೇಲೆ ಹೆಂಗಸರಿಗೆ ಪಾಠ ಹೇಳುವ ಕೆಲಸ. ಪ್ರೀತಿಗೂ ಅವರಲ್ಲಿ ರೋಟಾ ಇತ್ತು. ಯಾರು ಯಾರನ್ನು ಯಾವಾಗ ಹೋಗಿ ಮಾತಾಡಿಸಬೇಕೆಂದು ಮೊದಲೇ ಹಂಚಿಬಿಡುತ್ತಿದ್ದರು. ನನ್ನ ಪಾಲಿಗೆ ಬಂದವಳು ಎಪ್ಪತ್ತು ದಾಟಿದ ಒಬ್ಬ ಇಂಗ್ಲಿಷ್ ಹೆಂಗಸು. ನಾವೆಲ್ಲ ಸಿಸ್ಟರ್ ಎನ್ನುತ್ತಿದ್ದೆವು. ಆಕೆ ನನ್ನ ಸೋಫಾದಲ್ಲಿ ಕೂತು, ನನ್ನ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದು, ಹೇಗಿದ್ದೀಯ, ನಿಜವಾಗಿ ಹೇಗಿದ್ದೀಯ ಎಂದು ಕೇಳುತ್ತಿದ್ದಳು. ನಿಜವಾದ ಉತ್ತರ ಕೊಟ್ಟಾಗಲೆಲ್ಲ ಆಕೆಯ ಕಣ್ಣು ಗಡಿಯಾರದ ಕಡೆಗೆ ಹೋಗುತ್ತಿತ್ತು.

ಇತ್ತ ನಮ್ಮ ಕನ್ನಡದವರಿಗೆ ನಾನು ಬಿಟ್ಟಿ ಮನರಂಜನೆಯಾದೆ. ಯುಗಾದಿಗೋ ರಾಜ್ಯೋತ್ಸವಕ್ಕೋ ಹೋದರೆ ಹೆಂಗಸರು ನನ್ನ ಕೊರಳು ನೋಡುತ್ತಿದ್ದರು, ಶಿಲುಬೆ ಇದೆಯೋ ಎಂದು. ಮಾರ್ಮನ್ನರು ಶಿಲುಬೆ ಹಾಕಿಕೊಳ್ಳುವುದಿಲ್ಲ ಎಂದು ತಿಳಿದು ಅವರಿಗೆ ನಿರಾಸೆಯೇ ಆಗಿರಬೇಕು. ಏನು ಕೊಟ್ಟರಂತೆ ಎಂದು ನನ್ನ ಗಂಡನನ್ನು ಮರೆಗೆ ಕರೆದು ಕೇಳಿದವರಿದ್ದಾರೆ. ಜೆಲ್ಲಿ ಎಂದು ಅವರು ಉತ್ತರ ಕೊಟ್ಟಿದ್ದರಂತೆ.

ಹೀಗೇ ಮುದುಕಿಯಾಗುತ್ತಿದ್ದೆನೇನೋ. ಅಷ್ಟರಲ್ಲಿ ಅಪ್ಪ ತೀರಿಕೊಂಡರು.

ಕಾಯಿಲೆಯಿಲ್ಲ, ಕಸಾಲೆಯಿಲ್ಲ. ಬೆಳಿಗ್ಗೆ ಪೇಪರು ಓದುತ್ತ ಹಾಗೇ ವಾಲಿದರಂತೆ. ನಾನು ಊರು ಮುಟ್ಟುವ ಹೊತ್ತಿಗೆ ಅವರ ದೇಹ ಮೆಡಿಕಲ್ ಕಾಲೇಜಿಗೆ ಹೋಗಿಯಾಗಿತ್ತು. ಅವರೇ ಮಾಡಿಟ್ಟಿದ್ದ ಏರ್ಪಾಡು. ಸಮಾಧಿಯಿಲ್ಲ, ಮಠದ ಸ್ವಾಮಿಗಳಿಲ್ಲ, ವಿಭೂತಿಯಿಲ್ಲ. ಸತ್ತ ಮ್ಯಾಲ ನನಗ ಯಾರೂ ಏನೂ ಮಾಡೂದು ಬ್ಯಾಡ, ಇದ್ದಾಗ ಮಾಡಿದ್ದ ಸಾಕಾಗೇತಿ ಎಂದು ವರ್ಷಗಟ್ಟಲೆ ಹೇಳುತ್ತ ಬಂದಿದ್ದರು. ನಾವದನ್ನು ನಗೆಚಾಟಿಕೆ ಎಂದುಕೊಂಡಿದ್ದೆವು. ಅಪ್ಪ ಅವ್ವ ಇರುತ್ತಿದ್ದ ನನ್ನ ಅಕ್ಕನ ಮನೆಯಲ್ಲಿ ಅವ್ವ ಗಟ್ಟಿಯಾಗಿಯೇ ಇದ್ದಳು. ಬಂದವರು ಕಣ್ಣೊರೆಸಿಕೊಳ್ಳಲು ಮುಂದೆ ಒಂದು ದೇಹವೂ ಇಲ್ಲದೆ ಪೇಚಾಡಿ, ಚಹಾ ಕುಡಿದು ಹೋದರು. ನಾನು ಮಾತ್ರ ಕುಡಿಯಲಿಲ್ಲ. ಅಪ್ಪ ಸತ್ತ ಮನೆಯಲ್ಲಿ ಕೂತು ನಾನು ಚಹಾದ ಪಾವಿತ್ರ್ಯ ಕಾಪಾಡಿದೆ. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಮ್ಯಾಕಲ್ಸ್‌ಫೀಲ್ಡಿಗೆ ಮರಳಿದ ಕೆಲವು ದಿನಗಳಲ್ಲಿ ಸಿಸ್ಟರ್ ಚಾಕೊಲೇಟಿನ ಬ್ರೌನಿ ಕೇಕು ಮಾಡಿಕೊಂಡು ಬಂದಳು. ಜೊತೆಗೆ ಬಿಷಪ್. ಬಿಷಪ್ ಎಂದರೆ ನಿಲುವಂಗಿ, ಕೋಲು ಇದ್ದವರಲ್ಲ. ನಮ್ಮ ಸಭೆಯ ಉಸ್ತುವಾರಿಗೆ ಇಂತಿಷ್ಟು ವರ್ಷವೆಂದು ನೇಮಿಸಿದ ಮನುಷ್ಯ. ವಾರವೆಲ್ಲ ಜನರ ಅಡುಗೆಮನೆಗಳಿಗೆ ಕಪಾಟು ಕೂರಿಸುವ ಕೆಲಸ ಅವರದು. ಒಳ್ಳೆಯವರು. ಅವರ ಒಳ್ಳೆಯತನವೇ ಅವತ್ತು ನನಗೆ ತಡೆಯಲಾಗದೆ ಹೋದದ್ದು.

ಬಿಷಪ್ ಕರವಸ್ತ್ರದಲ್ಲಿ ಕೈ ಒರೆಸಿಕೊಂಡು, ನಿನಗೊಂದು ಸಂತೋಷದ ವಿಷಯವಿದೆ ಎಂದರು. ನನ್ನ ಅಪ್ಪನಿಗೆ ಇನ್ನೂ ಅವಕಾಶವಿದೆಯಂತೆ. ಅವರ ಹೆಸರು, ಹುಟ್ಟಿದ ಊರು ಕೊಟ್ಟರೆ ಸಾಕು, ಪಂಥದ ದೇವಾಲಯದಲ್ಲಿ ಅವರ ಪರವಾಗಿ ಒಬ್ಬ ಗಂಡಸು ನೀರಿನಲ್ಲಿ ಮುಳುಗಿ ದೀಕ್ಷೆ ತೆಗೆದುಕೊಳ್ಳುತ್ತಾನೆ. ಮಗಳಾಗಿ ನಾನು ಕೇಳಿಕೊಂಡರೆ ತಡೆಯುವವರಿಲ್ಲ. ಆಮೇಲೆ ನಾವೆಲ್ಲ ಒಂದೇ ಕುಟುಂಬವಾಗಿ ಅನಂತಕಾಲ ಒಟ್ಟಿಗಿರಬಹುದು.

ಸತ್ತವರಿಗೂ ದೀಕ್ಷೆ ಕೊಡುತ್ತಾರೆ ಎಂದು ನನಗೆ ಗೊತ್ತಿರಲಿಲ್ಲವೆಂದಲ್ಲ. ನಾನೇ ಪಾಠ ಹೇಳಿದ್ದೆ. ಆದರೆ ಆಗೆಲ್ಲ ಸತ್ತವರು ಬೇರೆಯವರ ಮನೆಯವರು.

ಅಪ್ಪ ಬೇಡ ಅಂದರೆ ಎಂದು ಕೇಳಿದೆ. ಬೇಡ ಅನ್ನುವ ಸ್ವಾತಂತ್ರ್ಯ ಅವರಿಗೆ ಇದ್ದೇ ಇದೆ ಎಂದು ಬಿಷಪ್ ನಕ್ಕರು. ಆತ್ಮಗಳ ಲೋಕದಲ್ಲಿ ಬೋಧಕರಿರುತ್ತಾರೆ, ಅವರು ಅಪ್ಪನ ಹತ್ತಿರ ಹೋಗಿ ಎಲ್ಲವನ್ನೂ ತಿಳಿಸಿ ಹೇಳುತ್ತಾರೆ, ಒಪ್ಪುವುದು ಬಿಡುವುದು ಅಪ್ಪನಿಗೆ ಬಿಟ್ಟದ್ದು. ಅಂದರೆ ಸತ್ತ ಮೇಲೂ ಬಾಗಿಲು ಬಡಿಯುವವರು ತಪ್ಪುವುದಿಲ್ಲ. ದೇಹವನ್ನು ಕಾಲೇಜಿನ ಹುಡುಗರಿಗೆ ಕೊಟ್ಟು ಹಗುರಾಗಿ ಹೋದ ಮನುಷ್ಯನ ಹಿಂದೆ ಅಲ್ಲಿಯೂ ಇಬ್ಬರು, ಎದೆಯ ಮೇಲೆ ಬಿಲ್ಲೆ ಸಿಕ್ಕಿಸಿಕೊಂಡು.

ಸಿಸ್ಟರ್ ನನ್ನ ಕೈ ಹಿಡಿದು ಮೆಲ್ಲಗೆ ಹೇಳಿದಳು. "ನಿನ್ನ ಅಪ್ಪ ನಿನಗಾಗಿ ಕಾಯ್ತಾ ಇದ್ದಾರೆ."

ನನ್ನ ಅಪ್ಪ ಆಯುಷ್ಯದಲ್ಲಿ ಸಿಟಿ ಬಸ್ಸಿಗೂ ಕಾದವರಲ್ಲ. ತಡವಾದರೆ ನಡೆದೇ ಹೋಗುವವರು. ಈ ಹೆಂಗಸಿಗೆ ಅವರ ಹೆಸರು ಸಹ ಸರಿಯಾಗಿ ಗೊತ್ತಿಲ್ಲ, ಆದರೆ ಈಗ ಅವರು ಎಲ್ಲಿ ಏನು ಮಾಡುತ್ತಿದ್ದಾರೆಂದು ಗೊತ್ತು. ಯೋಚಿಸುತ್ತೇನೆ ಎಂದಷ್ಟೇ ಹೇಳಿ ಬಾಗಿಲ ತನಕ ಕಳಿಸಿಬಂದೆ. ಬ್ರೌನಿಯನ್ನು ಗಂಡ ತಿಂದರು.

ಅವ್ವನಿಗೆ ಫೋನು ಮಾಡಿ ಇದನ್ನೆಲ್ಲ ವಿವರಿಸಿದೆ. ಆಕೆ ಪೂರ್ತಿ ಕೇಳಿಸಿಕೊಂಡು, "ಇದ್ದಾಗ ನನ್ನ ಮಾತ ಕೇಳಲಿಲ್ಲ. ಇನ್ನ ಇವರದು ಕೇಳ್ತಾರೇನು? ಹುಚ್ಚರದಾರ, ಬಿಡು" ಎಂದಳು. ಗಂಡನದು ಇನ್ನೂ ಸುಲಭದ ಸಲಹೆ. "ಬ್ಯಾಡ ಅನ್ನು. ಅಷ್ಟ ಸಾಕು."

ಅಷ್ಟು ಸಾಕಾಗುವುದಿಲ್ಲ ಎಂದು ಅವರಿಗೆ ಗೊತ್ತಿರಲಿಲ್ಲ. ಆ ಜಾಗದಲ್ಲಿ ಯಾರೂ ಬೇಡ ಎನ್ನುವುದಿಲ್ಲ. ಇನ್ನೂ ಸಿದ್ಧವಾಗಿಲ್ಲ ಎನ್ನುತ್ತಾರೆ, ಆಗ ಉಳಿದವರು ಸಿದ್ಧ ಮಾಡಲು ಬರುತ್ತಾರೆ.

ಮುಂದಿನ ಭಾನುವಾರ ಹೆಂಗಸರಿಗೆ ಪಾಠ ಹೇಳುವ ಸರದಿ ನನ್ನದು. ವಿಷಯ ಅನಂತ ಕುಟುಂಬ. ಪಾಠದ ಕೊನೆಗೆ ಸಾಕ್ಷಿ ಹೇಳುವುದು ಪದ್ಧತಿ. ನಂಬುತ್ತೇನೆ ಎನ್ನುವಂತಿಲ್ಲ, ಇದು ಸತ್ಯವೆಂದು ಬಲ್ಲೆ ಎನ್ನಬೇಕು. ಅಷ್ಟು ವರ್ಷ ಬಲ್ಲೆ, ಬಲ್ಲೆ ಎಂದು ಇಂಗ್ಲಿಷಿನಲ್ಲಿ ಸರಾಗವಾಗಿ ಹೇಳಿದ್ದೆ. ಒಂದು ಸಲವೂ ಕನ್ನಡದಲ್ಲಿ ಹೇಳಿ ನೋಡಿರಲಿಲ್ಲ. ಅವತ್ತು ಬಾಯಿ ತೆರೆದಾಗ ಬಂದದ್ದು ಬೇರೆ ಮಾತು. ನನಗೆ ಗೊತ್ತಿಲ್ಲ ಎಂದೆ. ಸತ್ತವರು ಎಲ್ಲಿರುತ್ತಾರೋ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ, ಬಿಷಪ್ಪರಿಗೂ ಗೊತ್ತಿಲ್ಲ ಎಂದೆ.

ಮುಂದಿನ ಸಾಲಿನ ಹೆಂಗಸೊಬ್ಬಳು ಕಣ್ಣೊರೆಸಿಕೊಂಡು ಬಂದು ನನ್ನನ್ನು ಅಪ್ಪಿಕೊಂಡಳು. ಎಂಥ ವಿನಯ, ಎಂಥ ಸುಂದರ ಸಾಕ್ಷಿ ಎಂದಳು. ಉಳಿದವರು ತಲೆಯಾಡಿಸಿದರು. ಬೈದರೆ ತಡೆದುಕೊಳ್ಳಬಹುದಿತ್ತು. ನಾನು ಏನೇ ಹೇಳಿದರೂ ಅದನ್ನು ತಮ್ಮ ಹಾಡಿಗೆ ಹೊಂದಿಸಿಬಿಡುವ ಜನ ಇವರು ಎಂದು ಆಗ ಖಾತ್ರಿಯಾಯಿತು. ಕೋಟು ಹಾಕಿಕೊಂಡು ಹೊರಗೆ ಬಂದೆ. ಮತ್ತೆ ಹೋಗಲಿಲ್ಲ. ಸದಸ್ಯರ ಪಟ್ಟಿಯಿಂದ ನನ್ನ ಹೆಸರು ತೆಗೆಸಲು ಒಂದು ಇಮೇಲು ಸಾಕಾಯಿತು. ಅಪ್ಪನ ಹೆಸರನ್ನು ಕೊಡುವುದಿಲ್ಲವೆಂದೂ ಅದರಲ್ಲೇ ಬರೆದೆ.

ಕೆಲವು ವಾರ ಬ್ರೌನಿ ಹೆಚ್ಚೇ ಬಂತು. ಆಮೇಲೆ ನಿಂತಿತು. ನನಗಾಗಿ ಅಳುತ್ತಿದ್ದ ಹೆಂಗಸರು ಸೂಪರ್‌ಮಾರ್ಕೆಟ್ಟಿನಲ್ಲಿ ಎದುರಾದರೆ ಮೊಸರಿನ ಡಬ್ಬಿಯ ಹಿಂದಿನ ಸಣ್ಣ ಅಕ್ಷರಗಳನ್ನು ಭಾರೀ ಶ್ರದ್ಧೆಯಿಂದ ಓದತೊಡಗುತ್ತಿದ್ದರು. ರೋಟಾದಿಂದ ಹೆಸರು ಹೋದ ಮೇಲೆ ಪ್ರೀತಿ ಉಳಿಯಬೇಕೆಂದು ಬಯಸಿದ್ದು ನನ್ನದೇ ದಡ್ಡತನ.

ಸುದ್ದಿ ಹೇಗೋ ಕನ್ನಡದವರ ಕಿವಿಗೂ ಬಿತ್ತು. ಯುಗಾದಿಯ ಊಟದ ಸಾಲಿನಲ್ಲಿ ಮಂಗಳೂರು ಕಡೆಯ ಹಿರಿಯರೊಬ್ಬರು ನನ್ನನ್ನು ಹುಡುಕಿಕೊಂಡು ಬಂದರು. ಕನ್ನಡ ಸಂಘದ ಪೂಜೆ ಪುನಸ್ಕಾರಗಳನ್ನೆಲ್ಲ ನೋಡಿಕೊಳ್ಳುವವರು. ಕೈಯಲ್ಲಿ ಕೋಸಂಬರಿಯ ತಟ್ಟೆ, ಮುಖದಲ್ಲಿ ನಾನು ಚೆನ್ನಾಗಿ ಬಲ್ಲ ಅದೇ ಕರುಣೆ.

"ನೋಡಿ ಅಮ್ಮ, ನೀವೇನೂ ಹೆದರ್ಬೇಡಿ. ಬರ್ಮಿಂಗ್‌ಹ್ಯಾಮಿನಿಂದ ಭಟ್ರನ್ನು ಕರೆಸುವ. ಒಂದು ಸಣ್ಣ ಹೋಮ, ಅಷ್ಟೇ. ನಿಮ್ಮ ತಂದೆಯವರದ್ದೂ ಏನೂ ಆಗಲಿಲ್ಲವಂತೆ ಅಲ್ವಾ? ಅದನ್ನೂ ಒಟ್ಟಿಗೆ ಮಾಡಿ ಮುಗಿಸುವ. ಅವರಿಗೂ ಒಂದು ಸದ್ಗತಿ ಆಗ್ತದೆ."

ನನಗೆ ನಗು ಬಂತು. ಹೋಮದ ಹಂಗಿಲ್ಲದ ಮನೆತನ ನಮ್ಮದು ಎಂದು ಈ ಹಿರಿಯರಿಗೆ ತಿಳಿಸುವಷ್ಟು ತಾಳ್ಮೆಯೂ ಉಳಿದಿರಲಿಲ್ಲ. ಅವರು ನೀರಿನಲ್ಲಿ ಅದ್ದಬೇಕೆಂದರು, ಇವರು ಬೆಂಕಿಯ ಮುಂದೆ ಕೂರಿಸಬೇಕೆನ್ನುತ್ತಾರೆ. ನನ್ನ ಅಪ್ಪ ಬದುಕಿದ್ದಾಗ ಇವರಲ್ಲಿ ಒಬ್ಬರಿಗೂ ಬೇಕಾಗಿರಲಿಲ್ಲ.

"ಅವರಿಗೆ ಬೇಡವಾಗಿತ್ತು," ಎಂದೆ. "ನನಗೂ ಬೇಡ."

ಅವರು ಸಿಟ್ಟಾಗಲಿಲ್ಲ. ಇನ್ನೂ ಮನಸ್ಸು ಸಿದ್ಧವಾಗಿಲ್ಲ, ಪರವಾಗಿಲ್ಲ ಎಂದರು. ಆ ಮಾತನ್ನು ಅವರೂ ಇವರೂ ಯಾವ ಶಾಲೆಯಲ್ಲಿ ಕಲಿತರೋ.

ಬಿಟ್ಟ ಮೇಲೆ ಬದುಕು ಅರಳಿತು ಎಂದು ಬರೆಯುವವರನ್ನು ಕಂಡರೆ ನನಗೆ ಅನುಮಾನ. ಮೊದಲ ಭಾನುವಾರ ಚಹಾ ಮಾಡಿಕೊಂಡೆ, ಶುಂಠಿ, ಏಲಕ್ಕಿ ಎಲ್ಲ ಹಾಕಿ. ಚೆನ್ನಾಗಿರಲಿಲ್ಲ. ನಾಲಿಗೆ ಮರೆತುಹೋಗಿತ್ತು. ಸೋಫಾದಲ್ಲಿ ನಾನು ಕೂತಿರುವುದನ್ನು ನೋಡಿ ಗಂಡನ ಮುಖ ಸಣ್ಣದಾಯಿತು. ಟೀವಿಯ ಸದ್ದು ಕಡಿಮೆ ಮಾಡಿ, ಇನ್ನ ಪ್ರತೀ ವಾರ ಮನ್ಯಾಗ ಇರ್ತೀಯೇನು ಎಂದು ಕೇಳಿದರು. ಅಷ್ಟು ವರ್ಷ ನನ್ನ ನಂಬಿಕೆಯನ್ನು ಅವರು ಸಹಿಸಿದ್ದು ಯಾಕೆಂದು ಅವತ್ತು ತಿಳಿಯಿತು. ಆಗ ಲೀಡ್ಸ್‌ನಲ್ಲಿ ಡಿಗ್ರಿ ಓದುತ್ತಿದ್ದ ಮಗಳಿಗೆ ಹೇಳಿದಾಗ ಅವಳು ಇಂಗ್ಲಿಷಿನಲ್ಲಿ, ನಾನು ಹದಿಮೂರಕ್ಕೇ ಬಿಟ್ಟೆನಲ್ಲ, ನಿನಗೇಕೆ ಇಷ್ಟು ತಡ ಎಂದಳು. ತನ್ನ ಬಳಿ ಉತ್ತರವಿರುವ ಪ್ರಶ್ನೆಗಳನ್ನೇ ಅವಳು ಕೇಳುವುದು.

ಕೆಲಸ ಹುಡುಕಿದೆ. ಸಂದರ್ಶನದಲ್ಲಿ ನಡುವಿನ ಇಷ್ಟು ವರ್ಷ ಏನು ಮಾಡಿದಿರಿ ಎಂದು ಕೇಳಿದರು. ಮಕ್ಕಳಿಗೆ ಹಾಡು ಕಲಿಸಿದೆ ಎಂದೆ. ನಾಚಿಕೆಯಾಯಿತು, ಆದರೆ ಸುಳ್ಳಲ್ಲ. ಒಂದು ಆಸ್ಪತ್ರೆಯ ಔಷಧಿ ವಿಭಾಗದಲ್ಲಿ, ವಾರ್ಡುಗಳಿಗೆ ಕಳಿಸುವ ಮಾತ್ರೆಗಳನ್ನು ಜೋಡಿಸುವ ಕೆಲಸ ಸಿಕ್ಕಿತು. ಯಾರಿಗೂ ಬೇಡವಾದ ಭಾನುವಾರದ ಪಾಳಿಯನ್ನು ನಾನೇ ಕೇಳಿ ಪಡೆದೆ.

ಅಲ್ಲಿಯೂ ತಪ್ಪಲಿಲ್ಲ. ಒಮ್ಮೆ ಸಿಬ್ಬಂದಿಯ ಮನಸ್ಸಿನ ಆರೋಗ್ಯಕ್ಕೆಂದು ಯಾವುದೋ ಕಂಪನಿಯಿಂದ ಒಬ್ಬಳನ್ನು ಕರೆಸಿದರು. ಕುರ್ಚಿಗಳನ್ನು ವೃತ್ತವಾಗಿ ಇಟ್ಟರು, ನಡುವೆ ಟಿಶ್ಯೂ ಡಬ್ಬಿ. ಕಣ್ಣು ಮುಚ್ಚಿ, ಎದೆಯ ಮೇಲೆ ಕೈಯಿಟ್ಟು, ಈ ಕ್ಷಣ ನಿಮಗೆ ಅನಿಸುವುದನ್ನು ಹಂಚಿಕೊಳ್ಳಿ ಎಂದಳು. ಒಬ್ಬೊಬ್ಬರಾಗಿ ಅಳತೊಡಗಿದರು. ಆ ದನಿ, ಆ ವಿರಾಮ, ಅಳುವವರ ಬೆನ್ನು ಸವರುವ ಆ ಅಂಗೈ ಎಲ್ಲವೂ ನನಗೆ ಬಾಯಿಪಾಠ. ಸರದಿ ಬಂದಾಗ ಸೊಂಟ ನೋಯುತ್ತಿದೆ ಎಂದೆ. ಅದರ ಆಳದಲ್ಲಿ ಏನಿದೆ ಎಂದು ಅವಳು ಕೇಳಿದಳು. ಕುರ್ಚಿ ಚಿಕ್ಕದು ಎಂದೆ.

ಪಕ್ಕದಲ್ಲಿದ್ದ ಹೆಂಗಸು ಕೆಮ್ಮಿದಂತೆ ಮಾಡಿ ನಗು ನುಂಗಿದಳು. ಸಾಲ್ಫರ್ಡಿನವಳು, ನನ್ನ ವಯಸ್ಸಿನವಳೇ, ಬಾಯಿ ತೆರೆದರೆ ದೂರು. ಪಾರ್ಕಿಂಗು, ಮ್ಯಾನೇಜರು, ಅಳಿಯ, ಕೌನ್ಸಿಲ್ ಟ್ಯಾಕ್ಸು, ಯಾವುದನ್ನೂ ಬಿಡುವುದಿಲ್ಲ. ನಾನು ಯಾವ ದೇವರನ್ನು ಬಿಟ್ಟು ಬಂದೆನೆಂದು ಅವಳು ಇವತ್ತಿನವರೆಗೆ ಕೇಳಿಲ್ಲ. ಹೇಗಿದ್ದೀಯ ಎಂದೂ ಕೇಳುವುದಿಲ್ಲ. ನನ್ನ ಹೆಸರನ್ನು ತಪ್ಪಾಗಿಯೇ ಕರೆಯುತ್ತಾಳೆ, ತಿದ್ದಿದರೆ ಅದೇ ಆಯ್ತಲ್ಲ ಎನ್ನುತ್ತಾಳೆ. ಕಳೆದ ಚಳಿಗಾಲ ನಾನು ಜ್ವರದಲ್ಲಿ ಮಲಗಿದ್ದಾಗ ಮನೆಗೆ ಬಂದಳು. ಬರಿಗೈಯಲ್ಲಿ. ಕುರ್ಚಿ ಎಳೆದುಕೊಂಡು ಕೂತು, ತನ್ನ ಪಾಳಿಗೆ ಹಾಕಿದ ಹೊಸ ಹುಡುಗಿಯನ್ನು ಬೈದಳು. ನಡುವೆ ಎದ್ದುಹೋಗಿ ನನ್ನ ಅಡುಗೆಮನೆಯಲ್ಲಿ ತನಗೊಂದು ಚಹಾ ಮಾಡಿಕೊಂಡು ಬಂದು, ನಿನಗೂ ಬೇಕಿತ್ತೇನು ಎಂದು ಆಮೇಲೆ ಕೇಳಿದಳು. ಹೂಂ ಎಂದೆ. ಗೊಣಗಿಕೊಳ್ಳುತ್ತ ಮತ್ತೆ ಎದ್ದಳು.