ನೀಲಿ ಗೋಡೆಯ ಲೈನ್ ಮನೆ

ಗುಡ್ಡ, ಮಂಜು, ಜಲಪಾತದ ಫೋಟೋ ಎಲ್ಲರೂ ತೆಗೆಯುತ್ತಾರೆ. ನನಗೆ ಅವುಗಳ ನಡುವೆ ಮನುಷ್ಯ ಕಟ್ಟಿಟ್ಟ ಸಣ್ಣಪುಟ್ಟವು ಬೇಕು: ತಗಡಿನ ಬಸ್ ಸ್ಟ್ಯಾಂಡು, ಪಂಪ್‌ಹೌಸು, ನೀರಿನ ಟ್ಯಾಂಕು. ನನ್ನ ಪೇಜ್ ನೋಡುವವರಿಗೆ ಇದು ಗೊತ್ತು. ಈ ಹುಚ್ಚಿನಿಂದ ಒಂದು ಸಂಸಾರಕ್ಕೆ ಏನಾಯಿತು ಅನ್ನುವುದನ್ನು ಮಾತ್ರ ಇಲ್ಲಿಯವರೆಗೆ ಬರೆದಿರಲಿಲ್ಲ.

ಯಸಳೂರಿನ ಕಡೆ ಒಂದು ಎಸ್ಟೇಟಿನ ತುದಿಯಲ್ಲಿ, ಕಾಫಿ ಗಿಡ ಮುಗಿದು ಹುಲ್ಲುಗುಡ್ಡ ಶುರುವಾಗುವಲ್ಲಿ, ಒಂಟಿ ಲೈನ್ ಮನೆಯಿತ್ತು. ತೋಟದ ಕೆಲಸದವರಿಗೆಂದು ಸಾಹುಕಾರರು ಕಟ್ಟಿಸಿದ್ದು. ಗೋಡೆಗೆ ನೀಲಿ ಬೆರೆಸಿದ ಸುಣ್ಣ. ಹಿಂದೆ ಕಾಡು, ಮುಂದೆ ಕಣಿವೆ. ಕಾಫಿ ಕೊಯ್ಯುವ ಹೆಂಗಸೊಬ್ಬಳು ಗಂಡ, ಅತ್ತೆಯೊಂದಿಗೆ ಅಲ್ಲಿದ್ದಳು.

"ಅಕ್ಕ, ಆ ಬಟ್ಟೆ, ಸೌದೆ, ಕೊಡ ಎಲ್ಲ ಒಂದ್ ಗಳಿಗೆ ಒಳಗಿಡ್ತೀರಾ?" ಅಂದೆ.

"ಮನೆ ಅಂದ್ಮೇಲೆ ಅವೆಲ್ಲ ಇರ್ತಾವೆ ಕಣಣ್ಣ. ಒಳ್ಳೆ ಹೆಣ್ ನೋಡಕ್ ಬಂದಂಗ್ ಆಡ್ತೀರಲ್ಲ," ಅಂತ ನಗುತ್ತಲೇ ಎಲ್ಲ ಒಳಗಿಟ್ಟಳು. ಜಗಲಿಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದ ಅತ್ತೆಯನ್ನೂ ಎಬ್ಬಿಸಿದಳು.

ಫೋಟೋ ತೆಗೆದು ಪೇಜಿಗೆ ಹಾಕಿದೆ. 'ಇಂಥ ಕಡೆ ಎರಡು ದಿನ ಇದ್ದು ಬರಬೇಕು' ಅಂತ ನೂರಾರು ಜನ ಬರೆದರು. ಸುಮ್ಮನಿರಬಹುದಿತ್ತು. ಸಕಲೇಶಪುರದಲ್ಲಿ ಸಾಹುಕಾರರು ಸಿಕ್ಕಾಗ ನಾನೇ ಫೋನ್ ತೆಗೆದು ಅವರಿಗೆ ಒಂದೊಂದೇ ಕಾಮೆಂಟ್ ಓದಿ ಹೇಳಿದೆ.

"ಇಷ್ಟ್ ಚೆಂದ ಐತೇನೋ ಮಾರಾಯ ಆ ಜಾಗ? ಲೈನಿಗ್ ಕೊಟ್ಟು ದಂಡ ಮಾಡ್ಬುಟ್ಟಿದೀವಲ್ಲ," ಅಂದರು.

ನಾನು ಹಲ್ಲು ಕಿರಿದೆ. ಹೊಗಳಿದ್ದು ನನ್ನನ್ನೇ ಅಂದುಕೊಂಡಿದ್ದೆ.

ಮುಂದಿನ ಮಳೆಗಾಲ ಕಳೆಯುವಷ್ಟರಲ್ಲಿ ಆ ಮನೆ ಹೋಂಸ್ಟೇ ಆಗಿತ್ತು. ಆ ಮೂವರನ್ನು ತಗ್ಗಿನಲ್ಲಿ, ಕಾಫಿ ಮೂಟೆ ಇಡುವ ಸ್ಟೋರಿನ ಹಿಂದಿನ ಲೈನಿಗೆ ಕಳಿಸಿದ್ದರು. ಒಂದೇ ಕೋಣೆ. ಮಧ್ಯಾಹ್ನದವರೆಗೆ ಬಿಸಿಲು ಬೀಳುವುದಿಲ್ಲ, ಒಗೆದ ಬಟ್ಟೆ ಎರಡು ದಿನವಾದರೂ ಒಣಗುವುದಿಲ್ಲ. ಗೊತ್ತಾದ ಕೂಡಲೇ ಪೋಸ್ಟ್ ಅಳಿಸಿದೆ. ಏನು ಬಂತು? ಅದೇ ಫೋಟೋ ಹೋಂಸ್ಟೇ ಬೋರ್ಡಿನ ಮೇಲಿದೆ. ಅವರನ್ನು ವಾಪಸ್ ಕಳಿಸಿ ಅಂತ ಸಾಹುಕಾರರನ್ನು ಕೇಳಿದರೆ, "ನೀನೇ ತಾನೆ ತೋರ್ಸಿದ್ದು?" ಅಂದರು.

ಕೊನೆಗೆ ಮನಸ್ಸು ಗಟ್ಟಿಮಾಡಿಕೊಂಡು ಆ ಹೆಂಗಸನ್ನು ನೋಡಲು ತಗ್ಗಿನ ಲೈನಿಗೆ ಹೋದೆ. ತಪ್ಪು ನಂದೇ ಅಂದೆ.

"ಬುಡಿ ಅಣ್ಣ, ಮನೆ ಅವರ್ದು. ಕೊಟ್ಟಿದ್ರು, ಕಿತ್ಕೊಂಡ್ರು," ಅಂತ ಕಾಫಿ ಕಾಸಲು ಒಳಗೆ ಹೋದಳು.

ಅಷ್ಟರಲ್ಲಿ ಗುಡ್ಡದ ನೆತ್ತಿ ದಾಟಿ ಬಿಸಿಲು ಆ ಲೈನಿನ ಹೆಂಚಿನ ಮೇಲೆ ಬಿತ್ತು. ಹಿಂದೆ ಕಾಡು ಕಪ್ಪಗಿತ್ತು. ಅಭ್ಯಾಸ ನೋಡಿ, ಕೈ ಕ್ಯಾಮೆರಾಕ್ಕೆ ಹೋಗಿಯೇಬಿಟ್ಟಿತು.

ಲೋಟ ಹಿಡಿದು ಹೊರಗೆ ಬಂದವಳು ನೋಡಿದಳು.

"ಬ್ಯಾಡ ಕಣಣ್ಣ. ಇದೂ ಚೆಂದ ಬಂದ್ಬುಟ್ರೆ ನಾವ್ ಮತ್ತೆಲ್ಲಿಗ್ ಹೋಗಾದು?"

ತಮಾಷೆಗೇ ಅಂದಳು. ನನಗೆ ನಗಲು ಆಗಲಿಲ್ಲ.