ಏಳು ಸೆಕೆಂಡಿನ ತಾಳ್ಮೆ

ಭೋಜನ್‌ಗೆ ಬೆಟ್ಟದ ತುಂಬ ನೆಂಟರಿದ್ದಾರೆ ಎಂದು ನಾನು ಬಹಳ ಕಾಲ ನಂಬಿದ್ದೆ. ಕಟ್ಟಬೆಟ್ಟಿನ ಸುತ್ತ ಯಾವ ಹಟ್ಟಿಯಲ್ಲಿ ಸಾವಾದರೂ ಆತ ಹಾಜರು. ಬಿಳಿ ಮುಂಡಾಸು, ಬಿಳಿ ಹೊದಿಕೆ, ಹೆಣದ ತಲೆಯ ಹತ್ತಿರವೇ ಜಾಗ. ಹೆತ್ತ ಮಕ್ಕಳೂ ಅವನಿಗೆ ದಾರಿ ಬಿಡುತ್ತಿದ್ದರು. ಪಾಪ, ಒಬ್ಬ ಮನುಷ್ಯನಿಗೆ ಇಷ್ಟೊಂದು ದುಃಖವೇ ಎಂದು ಮರುಗಿ ಒಮ್ಮೆ ಕೈಹಿಡಿದು ಸಂತಾಪ ಹೇಳಿದೆ. "ಸ್ವಲ್ಪ ಆಚೆ ಸರಿಯಿರಿ ಅಣ್ಣ, ಫ್ರೇಮಿಗೆ ಬರ್ತಿದ್ದೀರಿ," ಎಂದ. ಆಗ ಹೊದಿಕೆಯೊಳಗಿನ ಕ್ಯಾಮೆರಾ ಕಂಡಿತು.

ಭೋಜನ್ ಸಾವಿನ ವಿಡಿಯೊ ತೆಗೆಯುವವನು. ಮದುವೆಗೆ ದೊಡ್ಡ ಸ್ಟುಡಿಯೊದವರನ್ನು ಕರೆಸುವವರೂ ಸಾವಿಗೆ ಇವನನ್ನೇ ಕರೆಯುತ್ತಾರೆ. ಯಾರು ಯಾವಾಗ ಅಳುತ್ತಾರೆ, ಬ್ಯಾಂಡಿನವರು ಯಾವಾಗ ಟೀಗೆ ಏಳುತ್ತಾರೆ, ಎಲ್ಲ ಬಲ್ಲ. ಬಲ್ಲೆನೆಂದು ಹೇಳಿಕೊಳ್ಳಲು ಸಂಕೋಚವೂ ಇಲ್ಲ. ಕಂಪ್ಯೂಟರಿಗೆ ಹೊಸ ಹಾರ್ಡ್ ಡಿಸ್ಕ್ ತಂದ ದಿನ ಅಕ್ಕಪಕ್ಕದವರನ್ನೆಲ್ಲ ಕರೆದು ತೋರಿಸಿದ.

"ಸಾದಾ ಡಿಸ್ಕ್ ಅಲ್ಲ ಇದು. ದೊಡ್ಡ ಕಂಪನಿಗಳಲ್ಲಿ ಸಾಲಾಗಿ ಜೋಡಿಸ್ತಾರಲ್ಲ, ರೇಡ್ ಅಂತ, ಅದಕ್ಕೇ ಮಾಡಿದ್ದು!"

ಸಾಲಿನ ಉಳಿದ ಡಿಸ್ಕುಗಳೆಲ್ಲಿ ಎಂದು ಯಾರೂ ಕೇಳಲಿಲ್ಲ. ಅವನೂ ಕೇಳಿಕೊಂಡಿರಲಿಲ್ಲ.

ಅದರಲ್ಲೇ ಹರಿಹರನ್ ಅವರ ತಾಯಿಯ ಸಾವಿನ ದಿನದ ವಿಡಿಯೊ ಇತ್ತು. ಹರಿಹರನ್ ಹಟ್ಟಿಯ ಸಂಘದ ಅಧ್ಯಕ್ಷರು. ಮೈಕು ಕಂಡಲ್ಲಿ ಸಭೆ ಕಾಣುವವರು. ಅವರ ತಂಗಿ ಕಮಲಂ ಆ ದಿನ ಊಟಿಯ ಆಸ್ಪತ್ರೆಯಲ್ಲಿ ಆಪರೇಷನ್ ಆಗಿ ಮಲಗಿದ್ದಳು. ತಾಯಿಯ ಮುಖ ಕೊನೆಗೂ ನೋಡಲಾಗಲಿಲ್ಲ. ಓಡಾಡುವಂತಾದ ಮೇಲೆ ಅಣ್ಣನೊಂದಿಗೆ ನೇರ ಭೋಜನ್ ಮನೆಗೆ ಬಂದಳು. ನಾನು ಅಲ್ಲೇ ಟೀ ಕುಡಿಯುತ್ತಿದ್ದೆ.

ವಿಡಿಯೊ ಶುರುವಾದದ್ದೇ ತಡ, ನಿಂತಿತು. ಮುಂದಕ್ಕೆ ಎಳೆದರೆ ಕಂಪ್ಯೂಟರೇ ಕಲ್ಲಾಯಿತು. ನಕಲು ಮಾಡಹೊರಟರೆ ಓದಲಾಗುವುದಿಲ್ಲ ಎಂದಿತು. ಕ್ಯಾಮೆರಾದ ಕಾರ್ಡನ್ನು ಮುಂದಿನ ಸಾವಿಗೆಂದು ಎಂದೋ ಅಳಿಸಿಯಾಗಿತ್ತು.

"ಬೇರೆ ಕಡೆ ಇಟ್ಟಿಲ್ವಾ ಭೋಜಣ್ಣ?" ಎಂದಳು ಕಮಲಂ.

"ಇಷ್ಟು ದೊಡ್ಡ ಡಿಸ್ಕ್ ಇರುವಾಗ..." ಎಂದ ಭೋಜನ್.

"ನನಗೆ ಬೇರೇನೂ ಬೇಡ. ಅವ್ವೆ ಮುಖ ಒಂದು ಸಲ ನೋಡಿದ್ರೆ ಸಾಕು."

ಭೋಜನ್ ಡಿಸ್ಕನ್ನು ಬಿಚ್ಚಿ, ತನ್ನ ಬಿಳಿ ಹೊದಿಕೆಯಲ್ಲೇ ಸುತ್ತಿಕೊಂಡು ಊಟಿ ಬಸ್ಸು ಹತ್ತಿದ. ಬಸ್ಸಿನಲ್ಲಿದ್ದವರು ಅಸ್ಥಿಯೋ ಏನೋ ಎಂದು ಎದ್ದು ಜಾಗ ಕೊಟ್ಟರು. ಜೊತೆಗಿದ್ದ ನನಗೂ ಸೀಟು ಸಿಕ್ಕಿತು.

ಕಂಪ್ಯೂಟರ್ ರಿಪೇರಿಯ ಲೋಕೇಶ್ ಡಿಸ್ಕಿನ ಮೇಲಿನ ಚೀಟಿ ಓದಿದ. "ಇದನ್ನ ಒಂಟಿಯಾಗಿ ಹಾಕಿದ್ದೀಯಾ?"

"ಯಾಕೆ, ಹಾಕಬಾರ್ದಾ?"

"ಹಾಕಬಹುದು. ಚೆನ್ನಾಗೇ ಓಡುತ್ತೆ. ಆದ್ರೆ ಒಂದು ಜಾಗ ಓದೋಕಾಗ್ಲಿಲ್ಲ ಅಂದ್ರೆ ಏಳು ಸೆಕೆಂಡು ನೋಡಿ ಕೈಬಿಡುತ್ತೆ. ಸಾಲಲ್ಲಿರೋ ಬೇರೆ ಡಿಸ್ಕುಗಳು ಹೇಳಿಕೊಡ್ತವೆ ಅನ್ನೋ ಧೈರ್ಯ. ಸಾದಾ ಡಿಸ್ಕಿಗೆ ಯಾರೂ ದಿಕ್ಕಿಲ್ಲ, ಅದಕ್ಕೇ ನಿಮಿಷಗಟ್ಟಲೆ ತಡಕಾಡುತ್ತೆ."

"ಹಾಗಾದ್ರೆ ಇದು ನಮ್ಮ ರಂಗಿ ಅಕ್ಕ!" ಎಂದ ಭೋಜನ್. ಸಾವಿನ ಮನೆಯಲ್ಲಿ ಹಾಡಿಕೊಂಡು ಅಳುವಾಗ ರಂಗಿ ಸಾಲು ಮರೆತರೆ ನೆನಪಿಸಿಕೊಳ್ಳುವ ಗೋಜಿಗೆ ಹೋಗುವುದಿಲ್ಲ, ಮೂಗು ಒರೆಸಿಕೊಳ್ಳುತ್ತಾಳೆ. ಸುತ್ತಲಿನ ಹೆಂಗಸರು ಹಾಡನ್ನು ಎತ್ತಿಕೊಳ್ಳುತ್ತಾರೆ. ಒಬ್ಬಳನ್ನೇ ಕೂರಿಸಿದರೆ ಹಾಡು ಅಲ್ಲಿಗೇ ಮುಗಿಯಿತು.

"ರಂಗಿ ಅಕ್ಕ ಯಾರೋ ನಂಗೊತ್ತಿಲ್ಲ. ಯಾವ ಡಿಸ್ಕಾದ್ರೂ ಹಾಕು, ಇನ್ನೊಂದು ಪ್ರತಿ ಬೇರೆ ಕಡೆ ಇಡು," ಎಂದ ಲೋಕೇಶ್. ಕೆಟ್ಟ ಜಾಗವನ್ನು ದಾಟಿ ಉಳಿದದ್ದನ್ನು ಎತ್ತಿಕೊಂಡು, ಆಮೇಲೆ ಕೆಟ್ಟಲ್ಲಿಗೇ ಮತ್ತೆ ಮತ್ತೆ ಬರುವ ಪ್ರೋಗ್ರಾಂ ಒಂದನ್ನು ಹಚ್ಚಿದ. ಭೋಜನ್ ಅಂಗಡಿಯ ಬಾಗಿಲಲ್ಲಿ ನಿಂತು ಯಾರೊಂದಿಗೂ ಮಾತಾಡಲಿಲ್ಲ. ಅವನ ಬಾಯಿಗೆ ಅಷ್ಟು ಬಿಡುವು ಸಿಕ್ಕಿದ್ದನ್ನು ನಾನು ಬೇರೆಂದೂ ಕಂಡಿಲ್ಲ.

ಸಂಜೆ ಪೆನ್‌ಡ್ರೈವ್ ಹಿಡಿದು ಬಂದಾಗ ಅಣ್ಣ ತಂಗಿ ಭೋಜನ್ ಮನೆಯಲ್ಲೇ ಕಾದಿದ್ದರು. ಬ್ಯಾಂಡು ಬಂತು, ಕುಣಿತ ಬಂತು, ರಂಗಿಯ ಮೂಗು ಬಂತು, ಕೊನೆಗೆ ಅವ್ವೆಯ ಮುಖ ಬಂತು. ಕಮಲಂ ಪರದೆ ಮುಟ್ಟಿ ಅತ್ತಳು. ಅಳುತ್ತಲೇ, "ಅಯ್ಯೋ, ಆ ನೀಲಿ ಶಾಲು ನಂದು! ಹುಡುಕಿ ಹುಡುಕಿ ಸಾಕಾಗಿತ್ತು. ಇರ್ಲಿ, ಅವ್ವೆಗೇ ಹೋಯ್ತಲ್ಲ," ಎಂದು ನಕ್ಕಳು. ಭೋಜನ್ ಆಗ ಕೂತ. ಬೆಳಗಿನಿಂದ ಅವನು ಕೂತದ್ದು ಬಸ್ಸಿನಲ್ಲಿ ಮಾತ್ರ.

ಒಂದೇ ಕಡೆ ಚಿತ್ರ ಹಾರಿತ್ತು. ಹರಿಹರನ್ ಮೈಕು ಹಿಡಿದು ಬಾಯಿ ತೆರೆಯುತ್ತಾರೆ. ಮರುಕ್ಷಣವೇ ಕೈಮುಗಿದು ಇಳಿಯುತ್ತಾರೆ. ಅವರು ಅದನ್ನೇ ಮತ್ತೆ ಮತ್ತೆ ಹಾಕಿಸಿ ನೋಡಿದರು.

"ಅಷ್ಟು ದೊಡ್ಡ ಡಿಸ್ಕು. ನನ್ನ ಭಾಷಣ ಮಾತ್ರ ಯಾಕೆ ಓದಲಿಲ್ಲ ಭೋಜಾ?"

"ಏಳು ಸೆಕೆಂಡು ಕೇಳ್ತು ಅಣ್ಣ. ಸಾಕಾಯ್ತು."