ಥ್ರಾನ್ ಬೆಥಿಯಾ

ನನ್ನ ಚಿಕ್ಕಮ್ಮ ಬೆಥಿಯಾ ಹ್ಯಾಡಕ್ ಮೀನನ್ನು ಹೊಗೆಯಲ್ಲಿ ಹದ ಮಾಡಿ ಮಾರುತ್ತಿದ್ದಳು. ಊರವರು ಅವಳನ್ನು ‘ಥ್ರಾನ್’ ಎನ್ನುತ್ತಿದ್ದರು. ನಮ್ಮ ಸ್ಕಾಟ್ಸ್ ಮಾತಿನ ಹಳೆಯ ಪದ ಅದು. ಮೊಂಡುತನಕ್ಕೆ ಇನ್ನೊಂದು ಹಿಡಿ ಉಪ್ಪು ಹಾಕಿದರೆ ಥ್ರಾನ್. ಊರು ಏರಿಗೆಳೆದರೆ ಅವಳು ನೀರಿಗೆ. ಅವಳು ಚರ್ಚಿಗೆ ಬರಬೇಕೆಂದರೆ ಪಾದ್ರಿಗಳು, "ಈ ಭಾನುವಾರ ಚಳಿ ಜಾಸ್ತಿ, ನೀನು ಬರೋದೇ ಬೇಡಮ್ಮ" ಎನ್ನುತ್ತಿದ್ದರು. ಭಾನುವಾರ ಚಿಕ್ಕಮ್ಮ ಮುಂದಿನ ಬೆಂಚಿನಲ್ಲಿ ಹಾಜರು.

ಪೀಪಾಯಿ ಮಾಡುವ ದಾಡ್ ಇಮ್ಲಾಕ್ ಪದ್ಯವನ್ನೂ ಕಟ್ಟುತ್ತಿದ್ದ. ಆ ವರ್ಷದ ಸುಗ್ಗಿಯೂಟದಲ್ಲಿ ಎದ್ದು ನಿಂತು ಹೊಸದೊಂದನ್ನು ಓದಿದ:

ದಿಬ್ಬದ ಮೇಲೆ ಥ್ರಾನ್ ಮರ,
ಗಾಳಿ ತಿರುಚಿದರೂ ಬೀಳದು;
ಕೂದಲ ತುಂಬ ಮೀನಿನ ಹೊಗೆ,
ಕರೆದರೆ ತಿರುಗಿ ನೋಡದು.

ಎಲ್ಲರ ಕತ್ತೂ ಒಂದೇ ಕಡೆ ತಿರುಗಿತು. ಚಿಕ್ಕಮ್ಮ ಚಮಚ ಕೆಳಗಿಟ್ಟಳು.

"ಲೋ ದಾಡ್, ಯಾರಿದು?"

"ಮರ, ಬೆಥಿ. ಬರೀ ಮರ."

"ಮೀನಿಗೆ ಹೊಗೆ ಹಾಕೋ ಮರ ಎಲ್ಲಿದೆಯೋ? ನಂಗೂ ತೋರ್ಸು!"

ಜನ ನಕ್ಕ ನಗೆಗೆ ಸೂಪು ಚೆಲ್ಲಿತು. ದಾಡ್‌ನ ಕಿವಿ ಕೆಂಪಾಯಿತು.

ಮರುದಿನ ಅವಳು ಅವನ ಕೆಲಸದ ಕೊಟ್ಟಿಗೆಗೇ ಹೋದಳು. ಅಲ್ಲಿ ನಡೆದದ್ದನ್ನು ಅವಳ ಬಾಯಿಂದಲೇ ಕೇಳಿದ್ದೇನೆ.

"ಥ್ರಾನ್ ಅಂತ ಪದ್ಯದಲ್ಲಿ ಹಾಕ್ತೀಯಲ್ಲ, ಅರ್ಥ ಗೊತ್ತೇನೋ?"

"ತಿರುಚಿಕೊಂಡಿದ್ದು ಅಂತ. ಮನುಷ್ಯರಿಗೆ ಆ ಹೆಸರು ಅಂಟಿದ್ದು ಆಮೇಲೆ. ಥ್ರಾನ್ ಮರ ನನ್ನ ಪೀಪಾಯಿಗೆ ಆಗಲ್ಲ. ಹಲಗೆ ಅದರ ಪಾಡಿಗೆ ಅದು ಎತ್ತಲೋ ಹೋಗುತ್ತೆ. ಆದ್ರೆ ದೋಣಿ ಕಟ್ಟೋರು ಅದನ್ನೇ ಹುಡುಕ್ಕೊಂಡು ಬರ್ತಾರೆ. ದೋಣಿ ಪಕ್ಕೆಲುಬಿಗೆ ಬೆಳೆಯುವಾಗಲೇ ಬಾಗಿದ ಮರ ಬೇಕು. ಎಂಥಾ ಅಲೆ ಹೊಡೆದ್ರೂ ಸೀಳಲ್ಲ."

"ಅದನ್ನ ಬಿಟ್ಟು ಹೊಗೆ ಬರೆದ್ಯಲ್ಲೋ, ಮಂಕೇ!"

ದಾಡ್ ಧೈರ್ಯ ತಂದುಕೊಂಡ. ಪಾದ್ರಿಗಳ ಉಪಾಯವನ್ನೇ ಹೂಡಿದ. "ಬೆಥಿ, ಯಾರನ್ನ ಬೇಕಾದ್ರೂ ಮದುವೆ ಆಗು. ನನ್ನನ್ನ ಮಾತ್ರ ಆಗ್ಬೇಡ."

"ಸರಿ, ಆಗಲ್ಲ" ಎಂದು ಅವಳು ಬಾಗಿಲಿನತ್ತ ನಡೆದಳು.

ದಾಡ್‌ನ ಕೈಯಿಂದ ಮರ ಕೆತ್ತುವ ಬಾಚಿ ಜಾರಿಬಿತ್ತು. "ಅಯ್ಯೋ, ನಿಲ್ಲೇ! ನನ್ನ ಮದುವೆ ಆಗ್ತೀಯಾ?"

"ಹೀಗೆ ನೆಟ್ಟಗೆ ಕೇಳೋಕೆ ನಿಂಗೇನು ದಾಡಿ? ಆಗ್ತೀನಿ."

ಊರು ನಂಬಲಿಲ್ಲ. ಬೆಥಿಯಾ ಒಂದೇ ಮಾತಿಗೆ ಹೂಂ ಅಂದಳೆಂದರೆ ಅವಳಿಗೆ ಜ್ವರವೇ ಬಂದಿರಬೇಕು ಎಂದು ಪಕ್ಕದ ಮನೆಯಾಕೆ ಗಂಜಿ ತಂದುಕೊಟ್ಟಳು. ಚಿಕ್ಕಮ್ಮ ಅದನ್ನು ಚಪ್ಪರಿಸಿ ಕುಡಿದಳು.

ಹಿಮ ಬೀಳುವ ಮೊದಲೇ ಮದುವೆಯಾಯಿತು. ಚರ್ಚಿನಲ್ಲಿ ಪಾದ್ರಿಗಳು, "ಗಂಡನ ಮಾತು ಕೇಳ್ಕೊಂಡು ಇರ್ತೀಯೇನಮ್ಮ?" ಎಂದು ಕೇಳಿದರು.

"ಮೊದಲು ಅವನು ಹೇಳಲಿ, ಆಮೇಲೆ ನೋಡೋಣ" ಎಂದಳು.

ಪಾದ್ರಿಗಳು ಒಮ್ಮೆ ಕೆಮ್ಮಿ, ಕೈಯಲ್ಲಿದ್ದ ಪುಸ್ತಕದ ಮುಂದಿನ ಸಾಲಿಗೆ ಹೋದರು.